ಹೊಸ ಕ್ಯಾಮೆರಾ ಮತ್ತು ನಮ್ಮ ಮನೆಯ ರಾಣಿ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಗಂಡನನ್ನು ಸ್ಪಷ್ಟವಾಗಿ ನೋಡಬೇಕೆಂಬ ಆಸೆ ಯಾವ ಹೆಂಗಸಿಗೂ ಬರಬಾರದು. ಸಂಸಾರ ನಡೆಯುವುದೇ ಒಂದಿಷ್ಟು ಮಸುಕಿನ ಆಧಾರದ ಮೇಲೆ. ಬೆಳಿಗ್ಗೆ ಅವರು ಟವೆಲ್ ಹುಡುಕುತ್ತ ನಮ್ಮ ಮುಂದೆ ಹಾದುಹೋಗುತ್ತಾರೆ, ನಾವು ಡಬ್ಬಿ ಕಟ್ಟುತ್ತ ಅವರ ಮುಂದೆ ಹಾದುಹೋಗುತ್ತೇವೆ. ಸಂಜೆ ಒಬ್ಬರು ಪೇಪರ್ ನೋಡುತ್ತಾರೆ, ಇನ್ನೊಬ್ಬರು ಕುಕ್ಕರ್ ನೋಡುತ್ತಾರೆ. ಒಬ್ಬರನ್ನೊಬ್ಬರು ಸರಿಯಾಗಿ ನೋಡಿಕೊಳ್ಳುವುದು ಜ್ವರ ಬಂದಾಗ ಮಾತ್ರ, ಅದೂ ಥರ್ಮಾಮೀಟರಿನ ಪಾದರಸ ಎಲ್ಲಿದೆ ಎಂದು ಹುಡುಕುವ ನೆಪದಲ್ಲಿ. ಹೀಗೆ ನೆಮ್ಮದಿಯಿಂದ ನಡೆಯುತ್ತಿದ್ದ ನಮ್ಮ ಮನೆಯಲ್ಲಿ ಗಂಡನನ್ನು ಸ್ಪಷ್ಟವಾಗಿ ನೋಡುವ ಆಸೆ ನನಗೆ ಹುಟ್ಟಿತು. ಅದಕ್ಕಾಗಿ ಹೊಸ ಕ್ಯಾಮೆರಾ ಕೊಂಡೆ. ಆಮೇಲೆ ಏನಾಯಿತು ಎಂಬುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನೀವು ಡೊಂಬಿವಲಿಯವರಾಗಿದ್ದರೆ ದಯವಿಟ್ಟು ಓದಿ ಸುಮ್ಮನಿದ್ದುಬಿಡಿ.

ನಾನು ಧಾರವಾಡದವಳು. ಮನೆ ಡೊಂಬಿವಲಿಯಲ್ಲಿ, ಠಾಣೆಯ ಒಂದು ವಿಮಾ ಕಚೇರಿಯಲ್ಲಿ ನೌಕರಿ. ನಮ್ಮವರು ಉಡುಪಿ ಕಡೆಯವರು, ನವಿ ಮುಂಬಯಿಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ಮನೆಯಲ್ಲಿ ನಾನು ಧಾರವಾಡದ ಕನ್ನಡದಲ್ಲಿ ಕೇಳುತ್ತೇನೆ, ಅವರು ಉಡುಪಿಯ ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಕಾಲೇಜಿಗೆ ಹೋಗುವ ಮಗಳು ನೇಹಾ ಇಬ್ಬರನ್ನೂ ಹಿಂದಿಯಲ್ಲಿ ಗದರಿಸುತ್ತಾಳೆ. ಯಾವ ಭಾಷೆಯಲ್ಲಿ ಲೆಕ್ಕ ಹಾಕಿದರೂ ನಮ್ಮವರ ಪಾಲಿನ ಮಾತು ಕಡಿಮೆಯೇ. "ಉಂಟು", "ಇಲ್ಲ", "ಆಯ್ತು" ಎಂಬ ಮೂರು ಮಾತಿನಲ್ಲಿ ಸೋಮವಾರದಿಂದ ಶನಿವಾರದವರೆಗೆ ಬರಬಲ್ಲರು. ನಮ್ಮ ತವರಿನವರು ಮೊದಲ ಸಲ ಬಂದಾಗ ಅಳಿಯಂದಿರಿಗೆ ಹಲ್ಲುನೋವೇನೋ ಎಂದುಕೊಂಡಿದ್ದರು. ಆರು ದಿನ ಹೀಗೆ ಉಳಿತಾಯ ಮಾಡಿದ ಮಾತನ್ನೆಲ್ಲ ಅವರು ಭಾನುವಾರ ಖರ್ಚು ಮಾಡುತ್ತಾರೆ. ಸೀರೆ ಉಟ್ಟು, ಹೂ ಮುಡಿದು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಮೈಕಿನ ಎದುರು ನಿಂತು.

ಗಾಬರಿಯಾಗಬೇಡಿ. ನಮ್ಮವರು ಯಕ್ಷಗಾನದ ಸ್ತ್ರೀವೇಷಧಾರಿ. ನಮ್ಮ ಕಡೆಯ ಕನ್ನಡ ಸಂಘದಲ್ಲಿ ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರು ಸೇರಿ ಹವ್ಯಾಸಕ್ಕೆಂದು ಆಟ ಆಡುತ್ತಾರೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ಕೊನೆಯ ಲೋಕಲ್ ರೈಲು ಹಿಡಿಯುವವರಿಗೆ ತೊಂದರೆಯಾಗದ ಹಾಗೆ ರಾಕ್ಷಸರು ಬೇಗಬೇಗ ಸಾಯುತ್ತಾರೆ. ಸಂಬಂಧ ಕೂಡಿಬಂದಾಗ ಹುಡುಗನ ಕಡೆಯವರು "ಹುಡುಗನಿಗೆ ಯಾವ ಚಟವೂ ಇಲ್ಲ, ಯಕ್ಷಗಾನ ಒಂದು ಉಂಟು" ಎಂದಿದ್ದರು. ಧಾರವಾಡದಲ್ಲಿ ಕೂತ ನಮ್ಮಪ್ಪ ಅದನ್ನು ಅಡಿಕೆ ಹಾಕುವಷ್ಟು ಸಣ್ಣ ಚಟವೆಂದು ತಿಳಿದರು. ಮದುವೆಯಾದ ಹೊಸತರಲ್ಲಿ ಆಟ ನೋಡಲು ಹೋಗಿ ಅರ್ಧ ಗಂಟೆ ನನ್ನ ಗಂಡ ಯಾರೆಂದು ರಾಜರಲ್ಲಿ, ಮಂತ್ರಿಗಳಲ್ಲಿ, ದೂತರಲ್ಲಿ ಹುಡುಕಿದೆ. ಕೊನೆಗೆ ಪಕ್ಕದಲ್ಲಿದ್ದ ಹೆಂಗಸನ್ನು, ಆ ರಾಣಿಯ ಪಾತ್ರ ಮಾಡಿದವಳು ಯಾರು, ಎಷ್ಟು ಚೆಲುವೆ ಎಂದು ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಯಜಮಾನ್ರೇ ಅಲ್ವಾ?" ಎಂದಳು. ನನ್ನ ಗಂಡ ನನಗಿಂತ ಚಂದದ ಹೆಂಗಸು ಎಂಬ ಸತ್ಯವನ್ನು ಅರಗಿಸಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಈಗಲೂ ಪೂರ್ತಿ ಅರಗಿಲ್ಲ.

ಅವರ ಹೆಸರುವಾಸಿ ಪಾತ್ರ ಒಬ್ಬ ರಾಣಿಯದು. ಪ್ರಸಂಗದ ಹೆಸರು ಹೇಳಿದರೆ ಯಾವ ಸಂಘ, ಯಾರ ಮನೆ ಎಂಬುದೆಲ್ಲ ನಮ್ಮವರಿಗೆ ತಕ್ಷಣ ಗೊತ್ತಾಗುವುದರಿಂದ ಅದು ಬೇಡ. ರಾಜ್ಯ ಹೋಗಿ, ಗಂಡ ಕೈಬಿಟ್ಟು, ಕಾಡಿನಲ್ಲಿ ಒಬ್ಬಳೇ ಅಲೆಯುವ ರಾಣಿ ಎಂದು ಇಟ್ಟುಕೊಳ್ಳಿ. ಆ ರಾಣಿಗಾಗಿ ನನ್ನ ಎಷ್ಟೋ ಒಳ್ಳೆಯ ಸೀರೆಗಳು ವನವಾಸಕ್ಕೆ ಹೋಗಿವೆ. ಬಣ್ಣ ತೆಗೆಯಲು ಹಚ್ಚುವ ಕೊಬ್ಬರಿ ಎಣ್ಣೆಯಿಂದ ನಮ್ಮ ಮನೆಯ ತಲೆದಿಂಬುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿವೆ. ಕಾಡಿನ ದೃಶ್ಯದಲ್ಲಿ ಅವರದೇ ಒಂದು ಸೇರ್ಪಡೆ ಇದೆ. ಭಾಗವತರ ಪದ್ಯ ಮುಗಿದ ಮೇಲೆ ರಾಣಿ ತಕ್ಷಣ ಮಾತಿಗೆ ತೊಡಗುವುದಿಲ್ಲ. ಮರದ ಬುಡ ಎಂದು ಇಟ್ಟ ಸ್ಟೂಲಿನ ಅಂಚಿನಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನೆ ನೆಲ ನೋಡುತ್ತಾಳೆ, ಅಷ್ಟೇ. ಭಾಗವತರು ಕೆಮ್ಮುತ್ತಾರೆ, ಚೆಂಡೆಯವರು ಗಡಿಯಾರ ನೋಡುತ್ತಾರೆ, ಇವರು ಮಾತ್ರ ಏಳುವುದಿಲ್ಲ.

ಸಂಘದ ಫೋಟೋಗ್ರಾಫರ್ ಹುದ್ದೆ ನನಗೆ ಹೇಗೆ ಬಂತೆಂದರೆ ನನ್ನ ಹತ್ತಿರ ಕ್ಯಾಮೆರಾ ಇತ್ತು, ಬೇರೆ ಯಾವ ಅರ್ಹತೆಯೂ ಇರಲಿಲ್ಲ. ಡಿಜಿಟಲ್ ಕ್ಯಾಮೆರಾಗಳು ಆಗತಾನೇ ಮನೆಗಳಿಗೆ ಬರುತ್ತಿದ್ದ ಕಾಲದಲ್ಲಿ ಕೊಂಡ ಮೂರು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಅದು, ಸಾಬೂನಿನ ಡಬ್ಬಿಯಷ್ಟು ದಪ್ಪ. ನಾಲ್ಕು ಸೆಲ್ ಹಾಕಿದರೆ ಒಂದು ಅಂಕದವರೆಗೆ ಬರುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಫೋಟೋ ತೆಗೆಯುವ ಅವಸರ ಅದಕ್ಕಿರಲಿಲ್ಲ. ಒತ್ತಿದ ಮೇಲೆ ಒಂದಿಷ್ಟು ಯೋಚನೆ ಮಾಡಿ ತೆಗೆಯುತ್ತಿತ್ತು. ಅಷ್ಟರಲ್ಲಿ ರಾಣಿ ತಿರುಗಿರುತ್ತಿದ್ದಳು. ಹೀಗಾಗಿ ನಮ್ಮ ಆಲ್ಬಮ್ಮಿನಲ್ಲಿ ನಮ್ಮವರ ಜಡೆಗಳೇ ಜಾಸ್ತಿ. ಮುಖ ಸಿಕ್ಕ ಫೋಟೋಗಳಲ್ಲೂ ಸಭಾಗೃಹದ ಹಳದಿ ಬೆಳಕಿಗೆ ಎಲ್ಲವೂ ಮಂಜು ಕವಿದಂತೆ ಬರುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಆ ಮಂಜಿನಲ್ಲಿ ನಮ್ಮವರು ಅಪ್ಸರೆಯಂತೆ ಕಾಣುತ್ತಿದ್ದರು. ವರ್ಷ ಕಳೆದಂತೆ ಉಳಿದವರಿಗೆಲ್ಲ ವಯಸ್ಸಾಯಿತು, ನನ್ನ ಫೋಟೋಗಳಲ್ಲಿ ರಾಣಿಗೆ ಆಗಲಿಲ್ಲ.

ನಮ್ಮವರಿಗೆ ಮಾತ್ರ ಸಮಾಧಾನವಿರಲಿಲ್ಲ. ಪ್ರತಿ ಸಲ ಆಟ ಮುಗಿದ ಮೇಲೆ ಕಂಪ್ಯೂಟರಿನ ಎದುರು ಕೂತು, ಕಾಡಿನ ದೃಶ್ಯದ ಫೋಟೋ ಹುಡುಕಿ, ಕನ್ನಡಕ ಒರೆಸಿಕೊಂಡು ನೋಡಿ, ನಿಟ್ಟುಸಿರು ಬಿಡುತ್ತಿದ್ದರು. "ಅಲ್ಲಿ ಕೂತುಕೊಂಡಾಗ ಮುಖ ನೋಡ್ಬೇಕು ಮಾರಾಯ್ತಿ. ನಿನ್ನ ಫೋಟೋದಲ್ಲಿ ಅದು ಬರುವುದೇ ಇಲ್ಲ. ಸುಣ್ಣ ಬಳಿದ ಹಾಗೆ ಉಂಟು." ಮೂರು ಮಾತಿನ ಮನುಷ್ಯ ಇಷ್ಟು ಉದ್ದ ಹೇಳಿದರೆಂದರೆ ವಿಷಯ ಗಂಭೀರವೇ. ಒಂದು ದೀಪಾವಳಿಗೆ ನಾನೇ ಹೇಳಿದೆ, "ಈ ಸಲ ಸೀರಿ ಬ್ಯಾಡ್ರೀ ನನಗ, ಒಂದು ಛಲೋ ಕ್ಯಾಮೆರಾ ತಗೊಳ್ಳೋಣು." ಅವರು "ಆಯ್ತು" ಎಂದರು. ಸೀರೆ ಬೇಡವೆಂದ ತ್ಯಾಗವನ್ನು ಯಾರೂ ಗಮನಿಸಲಿಲ್ಲ. ಹೇಗೂ ಅದನ್ನು ಉಡುವವರು ಅವರೇ ತಾನೇ.

ಠಾಣೆ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ಮಾರಾಟದವನು ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು, ಹೆಣ್ಣು ತೋರಿಸುವವರ ಹಾಗೆ ಅವುಗಳ ಗುಣ ವರ್ಣಿಸಿದ. ಕೊನೆಗೆ ಒಂದರಿಂದ ನನ್ನದೇ ಕೈಯ ಫೋಟೋ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ತೋರಿಸಿದ. ಬೆಳಿಗ್ಗೆ ಮೆಂತ್ಯದ ಸೊಪ್ಪು ಹೆಚ್ಚುವಾಗ ಬೆರಳಿಗೆ ತಾಗಿದ ಗೀರು ಕಾಲುವೆಯಷ್ಟು ಅಗಲವಾಗಿ ಕಾಣಿಸಿತು. "ದೇಖಿಯೇ ಮ್ಯಾಡಮ್, ಕುಛ್ ಭೀ ಛುಪೇಗಾ ನಹೀಂ" ಎಂದ, ಏನನ್ನೂ ಮುಚ್ಚಿಡುವುದಿಲ್ಲ ಎಂದು. ಆ ಮಾತನ್ನು ನಾನು ಅದರ ಗುಣವೆಂದೇ ತಿಳಿದು ಕೊಂಡುಬಂದೆ. ನಮ್ಮವರು ಸಂಘದಲ್ಲೆಲ್ಲ ಕ್ಯಾಮೆರಾದ ಸುದ್ದಿ ಹೇಳಿದರು. ಉಳಿದ ವೇಷಧಾರಿಗಳು ನನ್ನನ್ನು ಕಂಡರೆ ಬೆನ್ನು ನೆಟ್ಟಗೆ ಮಾಡತೊಡಗಿದರು.

ಮುಂದಿನ ಆಟ ಠಾಣೆಯಲ್ಲಿತ್ತು. ಹೊಸ ಕ್ಯಾಮೆರಾ ಒತ್ತಿದ ಕೂಡಲೇ ಕಚಕ್ ಎನ್ನುತ್ತಿತ್ತು, ದೂರದ ರಾಣಿಯನ್ನು ಮಡಿಲಿಗೆ ತಂದು ಕೂರಿಸುತ್ತಿತ್ತು. ಮನಸ್ಸು ತುಂಬುವಷ್ಟು ತೆಗೆದೆ. ಮರುದಿನ ನನಗೆ ರಜೆ. ಅವರು ಕಾರ್ಖಾನೆಗೆ, ಮಗಳು ಕಾಲೇಜಿಗೆ ಹೋದ ಮೇಲೆ ಚಹಾ ಮಾಡಿಕೊಂಡು ಕಂಪ್ಯೂಟರಿನ ಎದುರು ಕೂತೆ. ಕಾಡಿನ ದೃಶ್ಯದ ಫೋಟೋ ತೆರೆಯಿತು. ಚಹಾ ಅಲ್ಲಿಯೇ ಉಳಿಯಿತು.

ಆ ಫೋಟೋದಲ್ಲಿ ಎಲ್ಲವೂ ಇತ್ತು. ಬಣ್ಣದ ಕೆಳಗೆ ಮಧ್ಯಾಹ್ನ ತೆಗೆದ ಗಡ್ಡ ಸಂಜೆಗೆ ನೀಲಿಯಾಗಿ ಮೊಳೆತದ್ದು ಕಾಣುತ್ತಿತ್ತು. ಕಣ್ಣಿನ ಕೆಳಗೆ ಚೀಲಗಳು ಇಳಿದಿದ್ದವು. ಬಾಯಿಯ ಎರಡೂ ಬದಿಗೆ ಗೆರೆ ಬಿದ್ದು ಅದರೊಳಗೆ ಬಣ್ಣ ಬಿರಿದಿತ್ತು. ಕತ್ತು ಸೋತಿತ್ತು. ರೆಪ್ಪೆಗಳು ಯಾರೋ ಭಾರ ಇಟ್ಟ ಹಾಗೆ ಇಳಿದಿದ್ದವು. ಅದು ದಣಿದ, ವಯಸ್ಸಾದ ಮುಖ. ನನಗೆ ದುಃಖವಾಯಿತು, ಬೇರೆ ಮಾತು ಹುಡುಕುವುದಿಲ್ಲ. ದಿನವೂ ಎದುರು ಕೂತು ನನ್ನ ಕೈಯ ಅನ್ನ ಉಣ್ಣುವ ಮನುಷ್ಯನಿಗೆ ಇಷ್ಟು ವಯಸ್ಸಾದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಂಗಡಿಯವನು ಹೇಳಬೇಕಾಯಿತು, ಅದೂ ಒಂದು ವರ್ಷದ ಗ್ಯಾರಂಟಿಯೊಂದಿಗೆ.

ಸಂಜೆ ಅವರು ಬಂದವರೇ ಕೈಕಾಲು ತೊಳೆಯುವ ಮೊದಲೇ "ಫೋಟೋ ಎಂತ ಆಯ್ತು?" ಎಂದರು. ನಾನು "ಕಾರ್ಡ್ ಏನೋ ತೊಂದರಿ ಕೊಡಾಕತ್ತೇದರಿ, ತೋರಿಸಬೇಕು" ಎಂದೆ. ಮರುದಿನವೂ ಕೇಳಿದರು. ಅದರ ಮರುದಿನವೂ ಕೇಳಿದರು. ಹೊಸ ಕ್ಯಾಮೆರಾದ ಮೇಲೆ ಎಷ್ಟು ಆರೋಪ ಹೊರಿಸಬಹುದೋ ಅಷ್ಟನ್ನೂ ಹೊರಿಸಿದೆ, ಪಾಪ, ಅದು ಮಾಡಿದ ತಪ್ಪೆಂದರೆ ಚೆನ್ನಾಗಿ ಕೆಲಸ ಮಾಡಿದ್ದು. ಮಗಳ ಕಾಲು ಹಿಡಿದು, ಫೋಟೋವನ್ನು ಸ್ವಲ್ಪ ಮಸುಕು ಮಾಡಿಕೊಡು ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿ, "ಮಮ್ಮಾ, ಕ್ಲಿಯರ್ ಚಾಹಿಯೇ ಇಸೀಲಿಯೇ ತೋ ನಯಾ ಲಿಯಾ ಥಾ ನಾ?" ಎಂದಳು. ಹೌದು, ಸ್ಪಷ್ಟ ಬೇಕೆಂದೇ ಕೊಂಡದ್ದು. ಈಗ ಬೇಡವಾಗಿತ್ತು.

ನಾನು ಹೀಗೆ ಹೆದರಿದ್ದಕ್ಕೆ ಕಾರಣ ಬರೀ ಸುಕ್ಕಲ್ಲ. ನಮ್ಮ ಸಂಘದಲ್ಲೊಂದು ಪದ್ಧತಿ ಇದೆ. ಹಿರಿಯ ವೇಷಧಾರಿಗೆ ಇನ್ನು ಸಾಕು, ವೇಷ ಬಿಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಮರ್ಯಾದೆಯಲ್ಲ. ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಕಲಾಸೇವೆಯ ಬಗ್ಗೆ ಒಬ್ಬರಿಂದ ಭಾಷಣ ಮಾಡಿಸುತ್ತಾರೆ. ಶಾಲು ಬಿದ್ದ ಮೇಲೆ ಆ ಮನುಷ್ಯ ಮುಂದಿನ ಆಟದಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂರುತ್ತಾನೆ. ಹಿಂದೆ ರಾಜನ ವೇಷ ಕಟ್ಟುತ್ತಿದ್ದ ಒಬ್ಬ ಹಿರಿಯರು ಹೀಗೆ ಶಾಲು ಹೊದ್ದು ಇಳಿದ ದಿನ, ಅಭಿನಂದನೆ ಹೇಳಲು ಹೋದ ನಮ್ಮವರ ಕೈ ಹಿಡಿದು, ಬಣ್ಣ ಹಚ್ಚುವ ಚೌಕಿಯ ಮೂಲೆಯಲ್ಲಿ ಮಕ್ಕಳ ಹಾಗೆ ಅತ್ತರಂತೆ. ಅಂದಿನಿಂದ ಸಂಘದ ಸಭೆಯಲ್ಲಿ ಯಾರ ಕೈಯಲ್ಲಾದರೂ ಬಟ್ಟೆ ಅಂಗಡಿಯ ಚೀಲ ಕಂಡರೆ ನಮ್ಮವರು ಹಿಂದಿನ ಬಾಗಿಲ ಹತ್ತಿರ ಕೂರುತ್ತಾರೆ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ವಾಸಣ್ಣ ನನಗೆ ಫೋನು ಮಾಡಿದರು. ವಾಸಣ್ಣ ಕಲ್ಯಾಣದಲ್ಲಿ ಹೋಟೆಲ್ ನಡೆಸುವವರು, ಕೆಟ್ಟ ಸುದ್ದಿಯನ್ನೂ ಗಿರಾಕಿಗೆ ಇನ್ನೊಂದು ಇಡ್ಲಿ ಹಾಕುವ ದನಿಯಲ್ಲಿ ಹೇಳುತ್ತಾರೆ. "ಅಕ್ಕ, ವಾರ್ಷಿಕೋತ್ಸವ ನೆರೂಲಿನಲ್ಲಿ. ಬಾಗಿಲಿಗೆ ದೊಡ್ಡ ಫ್ಲೆಕ್ಸ್ ಹಾಕುವ ಅಂತ ಉಂಟು. ನಿಮ್ಮ ಹೊಸ ಕ್ಯಾಮೆರಾದ್ದು ರಾಣಿಯ ಒಂದು ಫೋಟೋ ಕೊಡಿ" ಎಂದರು. ಆಮೇಲೆ ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿ, "ಬದಲಾಪುರದ ಒಬ್ಬ ಹುಡುಗ ಬಂದಿದ್ದಾನೆ ಅಕ್ಕ, ಚಂದ ಉಂಟು ಮುಖ. ನಿಮ್ಮ ಯಜಮಾನ್ರಿಗೂ ಒಂದು ಗೌರವ ಆಗ್ಬೇಕಲ್ಲ ಅಂತ ಕಮಿಟಿಯಲ್ಲಿ ಒಂದು ಮಾತು ಬಂತು. ನೋಡುವ. ಫೋಟೋ ಬರಲಿ ಮೊದಲು" ಎಂದರು. ಶಾಲಿನ ವಾಸನೆ ಫೋನಿನಲ್ಲೇ ಬಂತು. ಆ ಫೋಟೋ ಕಮಿಟಿಯ ಕಣ್ಣಿಗೆ ಬಿದ್ದರೆ ನಮ್ಮವರ ಕಥೆ ಅಲ್ಲಿಗೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು. ಆರು ದಿನ ಮಾತಿಲ್ಲದೆ ಬದುಕುವ ಮನುಷ್ಯನಿಂದ ಏಳನೆಯ ದಿನವನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂದು ಯೋಚಿಸಿ ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅವರು "ಉಪ್ಪು ಇಲ್ಲ" ಎಂದು ಆ ದಿನದ ಮಾತು ಮುಗಿಸಿದರು.

ನಾನೊಂದು ಉಪಾಯ ಮಾಡಿದೆ. ಡೊಂಬಿವಲಿಯ ಫ್ಲೆಕ್ಸ್ ಅಂಗಡಿಗೆ ಹಳೆಯ ಕ್ಯಾಮೆರಾದ, ಮಂಜಿನ ಅಪ್ಸರೆಯ ಫೋಟೋವನ್ನೇ ಕಳಿಸಿಬಿಟ್ಟೆ. ಎರಡು ದಿನಕ್ಕೆ ಅಂಗಡಿಯ ಮಾಲಕಿಯ ಫೋನು ಬಂತು. ಫೋಟೋ ತೀರ ಚಿಕ್ಕದು, ಬಾಗಿಲಿನಷ್ಟು ಎತ್ತರಕ್ಕೆ ಎಳೆದರೆ ಒಡೆದುಹೋಗುತ್ತದೆ, ಬೇರೆ ತನ್ನಿ ಎಂದಳು. ಕಚೇರಿಯಿಂದ ಅರ್ಧ ಗಂಟೆ ಮೊದಲೇ ಹೊರಟು, ಬೇರೆ ದಾರಿ ಕಾಣದೆ, ಹೊಸ ಫೋಟೋ ಇದ್ದ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಮಾಲಕಿ ಮರಾಠಿ ಹೆಂಗಸು, ನನ್ನ ವಯಸ್ಸಿನವಳು, ಮೂಗಿನ ತುದಿಗೆ ಕನ್ನಡಕ. ಫೋಟೋ ತೆರೆದು, ಸ್ವಲ್ಪ ಹೊತ್ತು ನೋಡಿ, "ಕಾಕಾ ಆಹೇತ್ ಕಾ?" ಎಂದಳು, ಗಂಡಸಾ ಎಂದು. ಹೌದೆಂದೆ. "ಕರತೇ ಮೀ ಕ್ಲೀನ್", ನುಣ್ಣಗೆ ಮಾಡಿಕೊಡುತ್ತೇನೆ ಎಂದು ಕೆಲಸಕ್ಕೆ ತೊಡಗಿದಳು. ಮೌಸ್ ಓಡಾಡಿದ ಕಡೆಯೆಲ್ಲ ಗೆರೆಗಳು ಮಾಯವಾದವು. ಕಣ್ಣಿನ ಕೆಳಗಿನ ಚೀಲ ಹೋಯಿತು, ರೆಪ್ಪೆ ಮೇಲೆದ್ದಿತು, ಕೆನ್ನೆ ಬಟಾಟೆಯ ಹಾಗೆ ನುಣ್ಣಗಾಯಿತು. ಮೂಲ ಫೋಟೋ ಎಡಕ್ಕೆ, ಹೊಸ ಮುಖ ಬಲಕ್ಕೆ. ಬಲಗಡೆಯವಳು ಯಾರೋ ಸಾಬೂನಿನ ಜಾಹೀರಾತಿನವಳು. ನನಗೆ ಸಮಾಧಾನವೂ ಆಯಿತು, ಒಳಗೇನೋ ಕಸಿವಿಸಿಯೂ ಆಯಿತು. ಇರಲಿ, ಇದನ್ನೇ ಹಾಕಿ ಎಂದು ಹೇಳಬೇಕೆಂದು ಬಾಯಿ ತೆರೆದೆ.

ಆಗ ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಕೈಯಲ್ಲಿ ಡಬ್ಬಿಯ ಚೀಲ. ಅಂಗಡಿಯವರಿಂದ ವಿಷಯ ತಿಳಿದ ವಾಸಣ್ಣ ಅವರಿಗೂ ಫೋನು ಮಾಡಿ, ಅಕ್ಕ ಫ್ಲೆಕ್ಸ್ ಅಂಗಡಿಗೆ ಹೋಗಿದ್ದಾರೆ, ಫೋಟೋ ನೀವೇ ಒಂದು ಸಲ ನೋಡಿಬಿಡಿ ಎಂದಿದ್ದರಂತೆ. ಕಂಪನಿ ಬಸ್ಸಿನಿಂದ ಇಳಿದವರೇ ನೇರ ಬಂದಿದ್ದರು. ಕಾರ್ಡು ಕೆಟ್ಟಿದೆ ಎಂದವಳ ಎದುರು ಫೋಟೋ ಎರಡೆರಡು ಪ್ರತಿಯಲ್ಲಿ ಬೆಳಗುತ್ತಿತ್ತು.

ಅವರು ಮೊದಲು ಬಲಗಡೆಯ ಮುಖ ನೋಡಿದರು. "ಇದು ಯಾರು?"

"ನೀವರೀ" ಎಂದೆ.

"ಇಷ್ಟು ಚಂದದವಳು ಕಾಡಿಗೆ ಎಂತಕ್ಕೆ ಹೋಗ್ತಾಳೆ?" ಎಂದರು. ಆಮೇಲೆ ಎಡಗಡೆಗೆ ತಿರುಗಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಾನು ಮನಸ್ಸಿನಲ್ಲೇ ಸಮಾಧಾನದ ಮಾತು ಜೋಡಿಸತೊಡಗಿದೆ. ಸಭಾಗೃಹದ ಬೆಳಕು ಸರಿ ಇರಲಿಲ್ಲ ಎನ್ನಬೇಕು, ಕೋನ ತಪ್ಪಿತು ಎನ್ನಬೇಕು, ವಯಸ್ಸು ಯಾರಿಗೆ ಆಗುವುದಿಲ್ಲ ಎಂದು ಮಾತ್ರ ಅನ್ನಬಾರದು. ಅವರು ಬಹಳ ಹೊತ್ತು ನೋಡಿದರು.

"ಬಂತು" ಎಂದರು.

"ಏನ್ ಬಂತ್ರೀ?"

"ಮುಖ. ಎಷ್ಟು ವರ್ಷದಿಂದ ಮಾಡ್ತಾ ಇದ್ದೇನೆ, ಒಂದು ಫೋಟೋದಲ್ಲಿಯೂ ಬಂದಿರ್ಲಿಲ್ಲ. ಈಗ ಬಂತು." ಪರದೆಯ ಹತ್ತಿರ ಬೆರಳು ತಂದು ರೆಪ್ಪೆ, ಬಾಯಿಯ ಗೆರೆ, ಇಳಿದ ಕತ್ತು ಒಂದೊಂದನ್ನೇ ತೋರಿಸಿದರು. "ಇದು ನಿನ್ನದಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ಮಾಲಕಿಯ ಕಡೆ ನೋಡಿ, ಅವಳಿಗೆ ಕನ್ನಡ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮದುವೆಯಾದ ಮೇಲೆ ನನ್ನ ಜೊತೆ ಒಂದೇ ಉಸಿರಿನಲ್ಲಿ ಆಡದಷ್ಟು ಮಾತಾಡಿದರು. "ನೀನು ಆಫೀಸಿಂದ ಬರ್ತೀಯಲ್ಲ, ಬ್ಯಾಗ್ ಬಾಗಿಲಲ್ಲಿ ಇಟ್ಟು, ಚಪ್ಪಲಿ ಸಹ ಬಿಚ್ಚದೆ ದಿವಾನಿನ ಅಂಚಲ್ಲಿ ಕೂತ್ಕೊಳ್ತೀ. ನೆಲ ನೋಡ್ತಾ. ಒಂದು ಸ್ವಲ್ಪ ಹೊತ್ತು, ಅಷ್ಟೇ. ಮತ್ತೆ ಎದ್ದು ಹಾಲು ಕಾಸಿದ್ರೇನ್ರೀ ಅಂತ ಕೇಳ್ತೀ. ಆ ಸ್ವಲ್ಪ ಹೊತ್ತಿನ ಮುಖ ಇದು. ನಾನು ಪೇಪರ್ ಹಿಡ್ಕೊಂಡು ದಿನಾ ನೋಡ್ತೇನೆ. ಇಡೀ ದಿನ ಕಾಡಲ್ಲಿ ನಡೆದು ಸೋತ ರಾಣಿಯನ್ನು ನಾನು ಬೇರೆ ಎಲ್ಲಿಗೆ ಹೋಗಿ ನೋಡುವುದು? ಆ ಲೋಕಲ್‌ನಲ್ಲಿ ನಿಂತು ಬರುವುದೆಂದರೆ ಎಂತ ಕಮ್ಮಿಯಾ?" ಆಮೇಲೆ ದನಿ ತಗ್ಗಿಸಿ, "ಇದನ್ನು ಒರೆಸ್ಲಿಕ್ಕೆ ಬಂದದ್ದಾ ನೀನು?" ಎಂದರು.

ಅಳು ಬಂತು, ಫ್ಲೆಕ್ಸ್ ಅಂಗಡಿಯಲ್ಲಿ ಅಳುವುದು ಚೆನ್ನಾಗಿ ಕಾಣುವುದಿಲ್ಲವೆಂದು ಗೋಡೆಯ ಮೇಲಿದ್ದ ಯಾವುದೋ ನಗರಸೇವಕರ ಹುಟ್ಟುಹಬ್ಬದ ಬ್ಯಾನರನ್ನು ಗಮನವಿಟ್ಟು ಓದಿದೆ. ಇಪ್ಪತ್ತು ವರ್ಷ ಈ ಮನುಷ್ಯ ಪೇಪರಿನ ಹಿಂದಿನಿಂದ ನನ್ನನ್ನು ನೋಡಿದ್ದಾನೆ, ನಾನು ಅವನನ್ನು ಕ್ಯಾಮೆರಾ ಹಿಡಿದೂ ನೋಡಿರಲಿಲ್ಲ. ಅವರ ಮುಪ್ಪೆಂದು ತಿಳಿದು ನಾನು ಮರುಗಿದ್ದು ನನ್ನದೇ ದಣಿವಿಗೆ. ಅಷ್ಟರಲ್ಲಿ ನಮ್ಮವರು ಮಾಲಕಿಗೆ ಹಿಂದಿಯಲ್ಲಿ, "ವೋ ದಾಢೀ ನಿಕಾಲೋ. ಬಾಕಿ ಸಬ್ ರೆಹನೇ ದೋ" ಎಂದರು, ಗಡ್ಡ ತೆಗೆದು ಉಳಿದದ್ದನ್ನೆಲ್ಲ ಹಾಗೇ ಬಿಡಿ ಎಂದು. ನನ್ನ ಕಡೆ ತಿರುಗಿ, "ಗಡ್ಡ ನನ್ನದು" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಮನೆಗೆ ಬಂದ ಮೇಲೆ ನನಗೆ ಅನುಮಾನಗಳೂ ಹುಟ್ಟಿದವು. ನಮ್ಮವರು ಅಕೌಂಟ್ಸಿನವರು, ಯಾವ ಖರ್ಚನ್ನು ಯಾವ ತಲೆಗೆ ಹಾಕಬೇಕೆಂದು ಬಲ್ಲವರು. ತಮ್ಮ ಸುಕ್ಕನ್ನೆಲ್ಲ ನನ್ನ ಹೆಸರಿಗೆ ಬರೆದು ಪಾರಾದರೋ ಏನೋ. ಪರೀಕ್ಷಿಸೋಣವೆಂದು ಮಾರನೆಯ ದಿನ ಕಚೇರಿಯಿಂದ ಬಂದವಳೇ ಬ್ಯಾಗು ಹಿಡಿದುಕೊಂಡೇ ಕನ್ನಡಿಯ ಎದುರು ನಿಂತೆ. ಆದರೆ ಮುಖ ನೋಡಿಕೊಳ್ಳಬೇಕೆಂದು ಹೋದವಳ ಮುಖ ಬೇರೆಯೇ ಆಗಿರುತ್ತದೆ, ಅದರಲ್ಲಿ ಪರೀಕ್ಷೆ ಬರೆಯುವವರ ಕಳೆ ಬಂದುಬಿಡುತ್ತದೆ. ದಿವಾನಿನ ಅಂಚಿನಲ್ಲಿ ಕೂತು ನೋಡಿದೆ. ಕೂತ ಕೂಡಲೇ, ಇವರು ಪೇಪರಿನ ಹಿಂದಿನಿಂದ ನೋಡುತ್ತಿರಬಹುದೆಂಬ ಯೋಚನೆ ಬಂದು ಬೆನ್ನು ನೆಟ್ಟಗಾಯಿತು. ಸುಸ್ತಾದವಳಿಗೆ ಸುಸ್ತಾಗಿ ಕೂರುವ ಸ್ವಾತಂತ್ರ್ಯವೂ ಹೋಯಿತು. ಪೇಪರಿನ ಹಿಂದಿನಿಂದ "ಹಾಗಲ್ಲ" ಎಂಬ ದನಿ ಬಂತು.

ಫ್ಲೆಕ್ಸ್ ತಯಾರಾಗಿ ವಾಸಣ್ಣನ ಹೋಟೆಲಿಗೆ ಹೋಯಿತು. ಕಮಿಟಿಯವರು ಅದನ್ನು ನೆಲದ ಮೇಲೆ ಹಾಸಿ ಸುತ್ತ ನಿಂತು ನೋಡಿದರಂತೆ. ಆಮೇಲೆ ಕೆಮ್ಮುವ ಭಾಗವತರೇ, "ಓಹೋ, ಅಲ್ಲಿ ಕೂತು ಇದನ್ನು ಮಾಡ್ತಿದ್ದದ್ದಾ ಇವರು? ನನಗೆ ಬೆನ್ನು ಮಾತ್ರ ಕಾಣ್ತಿತ್ತು" ಎಂದರಂತೆ. ವಾಸಣ್ಣ ನನಗೆ ಫೋನು ಮಾಡಿ, "ಬದಲಾಪುರದ ಹುಡುಗನಿಗೆ ಸಖಿಯ ವೇಷ ಕೊಟ್ಟಿ‌ದ್ದೇವೆ ಅಕ್ಕ. ಆ ಮುಖ ಬರ್ಲಿಕ್ಕೆ ಅವನಿಗೆ ಇನ್ನೂ ಸಮಯ ಉಂಟು" ಎಂದರು. ಕೊಂಡು ಇಟ್ಟಿದ್ದ ಶಾಲನ್ನು ಮುಖ್ಯ ಅತಿಥಿಗೆ ಹೊದಿಸುವುದೆಂದು ತೀರ್ಮಾನವಾಯಿತು. ಈ ಸುದ್ದಿಯನ್ನು ನಮ್ಮವರಿಗೆ ಹೇಳಿದಾಗ ಅವರು "ಆಯ್ತು" ಎಂದರು. ಆದರೆ ಅಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ವಾರ್ಷಿಕೋತ್ಸವದ ದಿನ ನೆರೂಲಿನ ಸಭಾಗೃಹದ ಬಾಗಿಲಲ್ಲಿ ರಾಣಿ ಎರಡಾಳೆತ್ತರಕ್ಕೆ ನಿಂತಿದ್ದಳು. ದಿನಾ ಸಂಜೆ ಠಾಣೆಯಿಂದ ನನ್ನ ಜೊತೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಬರುವ ವೈಶಾಲಿ ಎಂಬಾಕೆಯನ್ನು ಆಟ ನೋಡಲು ಕರೆದಿದ್ದೆ. ನನ್ನ ಗಂಡ ನಾಟಕದಲ್ಲಿ ಮಾಡುತ್ತಾರೆಂದಷ್ಟೇ ಅವಳಿಗೆ ಗೊತ್ತು, ಏನು ಮಾಡುತ್ತಾರೆಂದು ಹೇಳಿರಲಿಲ್ಲ. ಅವಳು ಫ್ಲೆಕ್ಸಿನ ಎದುರು ನಿಂತು ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮತ್ತೆ ಅದನ್ನು ನೋಡಿ, "ಅಗಂ, ತುಝೀ ಮೋಠೀ ಬಹೀಣ್ ಕಾ ಗಂ ಹೀ?" ಎಂದಳು. ನಿನ್ನ ಅಕ್ಕನೇನೇ ಇವಳು ಎಂದು.

ಅಲ್ಲ, ನನ್ನ ಗಂಡ ಎಂದು ಹೇಳಲು ಹೊರಟಿದ್ದೆ. ಅವರ ಇಷ್ಟು ವರ್ಷದ ಕಲೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಿಲ್ಲ, ಸತ್ಯ ಹೇಳಿ ಅದನ್ನು ಅವರಿಗೆ ಒಪ್ಪಿಸುವುದು ನನ್ನ ಧರ್ಮವಾಗಿತ್ತು. ಆದರೆ ಅವಳು ತಂಗಿ ಎನ್ನದೆ ಅಕ್ಕ ಎಂದಿದ್ದಳು. ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಹೌದು ಎಂದೆ.